ಗಾಜಿನಡಿಯ ಬದನೆ ಸಸಿ

ಮಣ್ಣಿಗೆ ಕರೆಂಟು ಕೊಡುವುದನ್ನು ನಾನು ಮೊದಲು ಕಂಡದ್ದು ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ, ಎಪ್ಪತ್ತೆರಡರ ಚಳಿಗಾಲದಲ್ಲಿ. ಪಕ್ಕದ ಮನೆಯ ಇಟಲಿಯ ಮುದುಕ ಟೋನಿ ನಮ್ಮ ಹಿತ್ತಲಲ್ಲಿ ತಳವಿಲ್ಲದ ಮರದ ಪೆಟ್ಟಿಗೆಯಿಟ್ಟು, ಮಣ್ಣಿನೊಳಗೆ ಬಿಸಿಯಾಗುವ ತಂತಿ ಹೂತು, ಹಳೆಯ ಕಿಟಕಿಯೊಂದನ್ನು ಮುಚ್ಚಳವಾಗಿ ಮಲಗಿಸಿದ. ಇದಕ್ಕೆ ಇಲ್ಲಿ ‘ಹಾಟ್‌ಬೆಡ್’ ಎನ್ನುತ್ತಾರೆ. ಮೈಸೂರಿನಲ್ಲಿ ಬೀಜ ಎರಚಿ ಕೈ ತೊಳೆದುಕೊಂಡರೆ ಆಯಿತು; ಇಲ್ಲಿ ಬದನೆ ಸಸಿಗೂ ಬಾಣಂತಿ ಕೋಣೆ ಬೇಕು.

ಮೈಸೂರಿನ ಈರನಗೆರೆ ಬದನೆಯ ಬೀಜವನ್ನು ಸೆರಗಿನಲ್ಲಿ ಗಂಟು ಕಟ್ಟಿ ತಂದವರು ನಮ್ಮತ್ತೆ. ಮಾವ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಇಲ್ಲಿನ ಚಳಿಯೂ ಒಗ್ಗಲಿಲ್ಲ, ಬದನೆಯೂ ಬಾಯಿಗೆ ಸೇರಲಿಲ್ಲ.

"ನಮ್ಮ ಬದ್ನೇಕಾಯಿ ಇಲ್ಲಿ ಬಿಟ್ರೆ ನಾನೂ ಇರ್ತೀನಿ ಕಣೇ ಸರೋಜ. ಇಲ್ದಿದ್ರೆ ಟಿಕೆಟ್ ಮಾಡಿಸ್ಬಿಡಿ," ಎಂದಿದ್ದರು.

ನನ್ನವರು ಕೆಲಸಕ್ಕೆ ದಿನಾ ನ್ಯೂಯಾರ್ಕಿಗೆ ಹೋಗಿಬರುತ್ತಿದ್ದರು. ಹಗಲೆಲ್ಲ ನನ್ನೊಡನೆ ಕನ್ನಡವಾಡುವ ಜೀವ ಅತ್ತೆಯೊಬ್ಬರೇ. ಅವರು ಹೋದರೆ ಈ ಮನೆಯಲ್ಲಿ ನನಗೆ ಹುಚ್ಚು ಹಿಡಿಯುತ್ತದೆಂದು ಹೆದರಿದ್ದೆ. ಇದ್ದ ಬೀಜವನ್ನೆಲ್ಲ ಬಿತ್ತಿದೆವು. ಸಸಿಗಳು ಎದ್ದವು.

ಮಾರ್ಚ್ ಕೊನೆಯಲ್ಲಿ ನನ್ನ ಡ್ರೈವಿಂಗ್ ಟೆಸ್ಟ್ ಇತ್ತು. ಅಂದು ಒಳ್ಳೆಯ ಬಿಸಿಲು. ಟೋನಿ ಹೇಳಿಕೊಟ್ಟಂತೆ ಗಾಜಿನ ಸಂದಿಗೆ ಕಡ್ಡಿ ಕೊಟ್ಟು, "ಹೀಗೇ ತೆರೆದಿರ್ಲಿ ಅತ್ತೆ," ಎಂದು ಹೋದೆ. ಪಾಸಾಗಿ, ಹಿಗ್ಗುತ್ತ ಹಿತ್ತಲಿಗೆ ಬಂದೆ. ಗಾಜು ಮುಚ್ಚಿತ್ತು. ಎತ್ತಿದರೆ ಬೆಂದ ಸೊಪ್ಪಿನ ವಾಸನೆ.

"ಗಾಳಿ ಕೊರೀತಿತ್ತು. ಪಾಪ, ನಡುಗ್ತಿದ್ವು ಅಂತ ಮುಚ್ದೆ," ಎಂದರು ಅತ್ತೆ.

ಇಷ್ಟು ಚಳಿಯಲ್ಲಿ ಬಿಸಿಲು ಗಿಡವನ್ನು ಬೇಯಿಸೀತೆಂದು ನಮ್ಮೂರಿನವರಿಗೆ ಹೊಳೆಯುವುದಾದರೂ ಹೇಗೆ? ಟೋನಿಯ ಮಾತನ್ನು ಒಪ್ಪಿಸಿದ ನನಗೇ ಪೂರ್ತಿ ನಂಬಿಕೆಯಿರಲಿಲ್ಲ. ಸಿಟ್ಟು ಬರಲಿಲ್ಲ. ಒದ್ದೆ ನೆಲದ ಮೇಲೇ ಕುಳಿತು ಅತ್ತುಬಿಟ್ಟೆ. ಅತ್ತೆ ಅಳಲಿಲ್ಲ.

"ಟಿಕೆಟ್ ಮಾಡ್ಸೋಕೆ ಹೇಳು," ಎಂದರು.

ಏರ್‌ಪೋರ್ಟಿಗೆ ಅವರನ್ನು ಕರೆದೊಯ್ದದ್ದು ನಾನೇ. ಕಾರಿನಲ್ಲಿ ಒಬ್ಬಳೇ ಇದ್ದದ್ದು ವಾಪಸು ಬರುವಾಗಲೇ ಮೊದಲು. ಆಮೇಲೆ ಪ್ರತಿ ವರ್ಷ ಆ ಪೆಟ್ಟಿಗೆಯಲ್ಲಿ ಇಲ್ಲಿನ ಟೊಮೆಟೊ ಎಬ್ಬಿಸುತ್ತೇನೆ. ಚೆನ್ನಾಗಿಯೇ ಬರುತ್ತವೆ, ಮಾತಿಗೆ ಯಾರೂ ಇಲ್ಲ.

ಈ ಬೇಸಿಗೆ ಮೈಸೂರಿಗೆ ಹೋಗಿದ್ದೆ. ಅತ್ತೆ ಅದೇ ಬದನೆಯ ಎಣ್ಣೆಗಾಯಿ ಬಡಿಸಿದರು. ಇದಕ್ಕಾಗಿ ಎಂಟು ವರ್ಷ ಹಂಬಲಿಸಿದ್ದೆ. ಮೊದಲ ತುತ್ತು ಬಾಯಲ್ಲಿದ್ದಾಗಲೇ ಹಿತ್ತಲಲ್ಲಿ ಬಿಸಿಲೇರಿದ್ದು ಕಂಡಿತು. ಗಾಜು ತೆರೆಯಬೇಕೆಂದು ಎಂಜಲು ಕೈಯಲ್ಲೇ ಎದ್ದುಬಿಟ್ಟೆ.

"ಎಲ್ಲಿಗೇ?" ಎಂದರು ಅತ್ತೆ.

ಇಲ್ಲಿ ತೆರೆಯಲು ಗಾಜೇ ಇರಲಿಲ್ಲ. ಮತ್ತೆ ಎಲೆಯ ಮುಂದೆ ಕುಳಿತೆ.