ಬೀಡಿಯ ಬಾವಲಿಗಳೂ ನನ್ನ ನೆಗಡಿಯೂ

ಎರಡು ಸಾವಿರದ ಇಸವಿಯ ಸುಮಾರಿಗೆ ವೈರಸ್ ಪರೀಕ್ಷೆಗೆ ಬಾವಲಿಗಳ ರಕ್ತದ ಮಾದರಿ ತರಲು ನಮ್ಮ ತಂಡದವರು ಬೆಳಗಾವಿಯಿಂದ ಬೀಡಿ ಎಂಬ ಊರಿಗೆ ಹೋಗಿದ್ದೆವು. ಅವು ನೇತಾಡುತ್ತಿದ್ದ ಆಲದ ಮರ ಯಲ್ಲಪ್ಪಜ್ಜನ ಹೊಲದಲ್ಲಿತ್ತು. ಬಾವಲಿ ಬೆದರುತ್ತವೆಂದು ಅವನ ಮನೆಯಲ್ಲಿ ದೀಪಾವಳಿಗೂ ಪಟಾಕಿ ಹಾರಿಸುವುದಿಲ್ಲ. ಅಜ್ಜ ನನ್ನ ಕೈಗವಸು, ಮುಖಗವಸುಗಳನ್ನೇ ದಿಟ್ಟಿಸಿ ಕೇಳಿದ:

"ಇವಕ್ಕೇನ್ ಜಡ್ಡ ಬಂದೈತೇನ್ರಿ ಸಾಹೇಬ್ರ?"

ಮುಖಗವಸು ಕೆಳಗೆಳೆದು, "ಇಲ್ರೀ ಅಜ್ಜಾ. ವೈರಸ್ ಇವುಗಳ ಮೈಯಾಗ ಸುಮ್ಮನ ಇರ್ತಾವ. ಇವಕ್ಕೇನೂ ಆಗೂದಿಲ್ಲ, ಮಂದಿಗೆ ಬಂದ್ರ ತ್ರಾಸ" ಎನ್ನುತ್ತಲೇ ನಾಲ್ಕು ಸಲ ಸೀನಿದೆ.

ಅಜ್ಜ ಹಿಂದೆ ಸರಿದ.

"ಖರೇ ಹೇಳ್ರಿ, ಜಡ್ಡ ಅವಕ್ಕೋ ನಿಮಗೋ? ನೀವು ದೂರ ಕುಂದರ್ರಿ. ಅವನ್ನ ಮುಟ್ಟಬ್ಯಾಡ್ರಿ."

ಜೊತೆಯವರು ಕೆಲಸ ಮುಗಿಸುವವರೆಗೆ ನಾನು ಬದುವಿನ ಮೇಲೆ ಕೂತಿದ್ದೆ. ನಾನು ಮರದ ಹತ್ತಿರ ಸುಳಿಯದಂತೆ ಅಜ್ಜ ಕಾವಲು ನಿಂತಿದ್ದ.

ತಿಂಗಳ ನಂತರ ವರದಿ ಬಂತು. ಬಾವಲಿಗಳಲ್ಲಿ ಏನೂ ಸಿಕ್ಕಿರಲಿಲ್ಲ. ನನ್ನ ನೆಗಡಿ ಮಾತ್ರ ಅವತ್ತು ಜೀಪಿನಲ್ಲಿದ್ದ ಅಷ್ಟೂ ಮಂದಿಗೆ ಅಂಟಿತ್ತು.