ಉಪಾಸದ ಖಿಚಡಿ ಮತ್ತು ನನ್ನ ಸಕ್ಕರೆ

ನಾನು ಹುಟ್ಟಿದಾಗ ಎರಡು ಕಿಲೋ ಕೂಡ ತೂಗುತ್ತಿರಲಿಲ್ಲ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಇದನ್ನು ಹೇಳುವಾಗ ನಾನು ದೊಡ್ಡದೊಂದು ಬದನೆಕಾಯಿಯಷ್ಟಿದ್ದೆ. ನಾನು ಶಾಲೆಯಲ್ಲಿ ಹೇಳುವಾಗ ಒಂದು ಗೊಂಚಲು ದ್ರಾಕ್ಷಿಯಷ್ಟು, ಅದೂ ಬೀಜವಿಲ್ಲದ್ದು. ಈಗ ಯಾರೂ ನಂಬುವುದಿಲ್ಲ. ಐನಾಪುರದ ಬಸ್ಸಿನಲ್ಲಿ ನಾನು ಕೂತರೆ ಪಕ್ಕದವರು ತಾವಾಗಿಯೇ ಎದ್ದು ನಿಲ್ಲುತ್ತಾರೆ.

ಆ ತೂಕದಿಂದಲೇ ನಾನು ವಿಜ್ಞಾನಕ್ಕೆ ಬೇಕಾದವಳಾದೆ. ಅವ್ವ ಬಸುರಿಯಿದ್ದಾಗ ಒಬ್ಬ ಸಂಶೋಧಕಿ ಮೇಡಂ ನಮ್ಮ ಕಡೆಯ ಹಳ್ಳಿಗಳಿಗೆ ಬಂದು, ಬಸುರಿಯರು ಏನು ಉಣ್ಣುತ್ತಾರೆಂದು ಬರೆದುಕೊಂಡು, ಹುಟ್ಟಿದ ಕೂಸುಗಳನ್ನು ತೂಗಿ ಹೋಗಿದ್ದರಂತೆ. ಹೊಟ್ಟೆಯೊಳಗೆ ಕಡಿಮೆ ಸಿಕ್ಕ ಕೂಸಿನ ಮೈ ಜಿಪುಣತನ ಕಲಿಯುತ್ತದೆಯೇ, ಮುಂದೆ ಊಟ ಹೆಚ್ಚಾದಾಗ ಸಕ್ಕರೆಯನ್ನು ಸಂಭಾಳಿಸಲು ಅದಕ್ಕೆ ಕಷ್ಟವಾಗುತ್ತದೆಯೇ ಎಂಬುದು ಅವರು ಬೆನ್ನು ಹತ್ತಿದ ಪ್ರಶ್ನೆ. ಕಳೆದ ವರ್ಷ ಅದೇ ಕೂಸುಗಳನ್ನು ಹುಡುಕಿಕೊಂಡು ಮತ್ತೆ ಬಂದರು. ದೇಶದ ವಿಜ್ಞಾನವೆಲ್ಲ ನನ್ನ ರಕ್ತಕ್ಕೆ ಕಾಯುತ್ತಿದೆ ಎಂದು ನಾನು ತರಗತಿಗೆಲ್ಲ ಸಾರಿದೆ.

ರಕ್ತ ಪರೀಕ್ಷೆಯ ಹಿಂದಿನ ದಿನ ಊರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕ ಮನೆಗೆ ಬಂದು ಹೇಳಿದಳು: "ನಾಳಿ ಮುಂಜಾನಿ ಹುಡಿಗೀನ ಉಪಾಸ ಕರ್ಕೊಂಡ ಬರ್ರಿ."

ನಮ್ಮ ಮನೆಯಲ್ಲಿ ಉಪಾಸವೆಂದರೆ ಹೊಟ್ಟೆ ಖಾಲಿ ಇಡುವುದಲ್ಲ. ಅನ್ನ, ರೊಟ್ಟಿ ಬಿಟ್ಟು ಸಾಬೂದಾನಿ, ಅಂದರೆ ಸಬ್ಬಕ್ಕಿಯ ಖಿಚಡಿ ತಿನ್ನುವುದು. ಮರುದಿನ ಮುಂಜಾನೆ ಅವ್ವ ಎಮ್ಮೆ ಹಿಂಡಲು ಹೋಗಿದ್ದಾಗ ಆಯಿ ತುಪ್ಪ, ಆಲೂಗಡ್ಡೆ, ಶೇಂಗಾಪುಡಿ ಸುರಿದು ಒಂದು ಪಾತ್ರೆ ಖಿಚಡಿ ಮಾಡಿದಳು. ಮೇಲೆ ಬಾಳೆಹಣ್ಣು, ಸಕ್ಕರೆ ಹಾಕಿದ ಮೊಸರು. ಮೇಡಂ ಕೇಳಿದ ಉಪವಾಸ ಇದಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬಿಸಿ ಖಿಚಡಿಯ ಎದುರು ಯಾರಾದರೂ ಪಾಠ ಒಪ್ಪಿಸುತ್ತಾರೆಯೇ? ಎರಡು ತಾಟು ಮುಗಿಸಿದೆ.

ದವಾಖಾನೆಯಲ್ಲಿ ಮೇಡಂ ನನ್ನ ಬೆರಳು ಚುಚ್ಚಿದರು. ಮಶೀನು ನೋಡಿದರು, ನನ್ನನ್ನು ನೋಡಿದರು, ಇನ್ನೊಂದು ಬೆರಳು ಚುಚ್ಚಿದರು.

"ಉಪವಾಸ ಇದ್ದೀಯಲ್ವಾ?"

ನಾನು ಫ್ಯಾನು ನೋಡಿದೆ. ಆಯಿಯೇ ಉತ್ತರ ಕೊಟ್ಟಳು: "ಕಟ್ಟುನಿಟ್ಟ ಉಪಾಸ ಐತ್ರಿ. ಒಂದ ಅಗಳ ಅನ್ನ ಮುಟ್ಟಿಲ್ಲ."

"ಹಾಗಾದ್ರೆ ಸಕ್ಕರೆ ಹೆಚ್ಚಿದೆ. ಇನ್ನೂ ಪರೀಕ್ಷೆ ಮಾಡ್ಬೇಕು."

ಅವ್ವ ಕುರ್ಚಿಯ ತುದಿಗೆ ಸರಿದಳು. "ಇಕಿ ಹೊಟ್ಟ್ಯಾಗಿದ್ದಾಗ ನಾ ಅರ್ಧ ಹೊಟ್ಟಿ ಉಂಡಿದ್ನಿರಿ. ಅದಕ್ಕ ಹಿಂಗಾತೇನು?"

ಬಸುರಿ ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆಂದು ನಮ್ಮ ಮನೆಯಲ್ಲಿ ತಾಟಿನ ರೊಟ್ಟಿ ಕಡಿಮೆ ಮಾಡುವ ರೂಢಿಯಿತ್ತು. ನಮ್ಮ ಅವ್ವ ಒಂದೇ ಉಸಿರಿನಲ್ಲಿ ನನ್ನನ್ನು, ಎಮ್ಮೆಯನ್ನು, ಅಪ್ಪನನ್ನು, ಕರೆಂಟಿನವರನ್ನು ಬೈಯಬಲ್ಲವಳು. ಅವಳಿಗೆ ಅಷ್ಟು ಸಣ್ಣ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

"ಯವ್ವಾ, ನಾ ಖಿಚಡಿ ತಿಂದೇನಬೇ," ಅಂದೆ.

"ಎಷ್ಟ?"

"ಒಂದ ತಾಟ." ಅವ್ವ ನೋಡುತ್ತಲೇ ಇದ್ದಳು. "ಎರಡ. ಮ್ಯಾಲ ಬಾಳಿಹಣ್ಣ."

ಆಯಿಗೆ ಸಿಟ್ಟು ಬಂತು. "ಅದು ಉಪಾಸದ್ದ ಅಲ್ಲೇನು? ಏಕಾದಶಿಗೆ ನಾ ಅದನ್ನ ತಿಂತೀನಿ. ದೇವರಿಗೆ ನಡೀತೈತಿ, ನಿಮ್ಮ ಮಶೀನಿಗೆ ನಡಿಯೂದಿಲ್ಲೇನ್ರಿ?"

ಮೇಡಂ ಕನ್ನಡಕ ತೆಗೆದು ನಕ್ಕರು. "ಬೆಳಿಗ್ಗೆಯಿಂದ ನಾಲ್ಕು ಮಕ್ಕಳಿಗೆ ಹೀಗೇ ಬಂತು. ಮಶೀನೇ ಕೆಟ್ಟಿದೆ ಅಂದ್ಕೊಂಡಿದ್ದೆ." ಇನ್ನು ಮುಂದೆ ಉಪವಾಸ ಎನ್ನಬೇಡಿ, ನೀರು ಬಿಟ್ಟು ಏನೂ ಬೇಡ ಎನ್ನಿ ಎಂದು ಆಶಾ ಅಕ್ಕನಿಗೆ ಹೇಳಿ, ನಮ್ಮನ್ನು ಮರುದಿನ ಬರಹೇಳಿದರು.

ಅವ್ವ ನಗಲಿಲ್ಲ. ದಾರಿಯಲ್ಲಿ ಒಂದೇ ಮಾತು ಕೇಳಿದಳು: "ನಿನಗ ಗೊತ್ತಿತ್ತ, ಹೌದಿಲ್ಲೋ?" ಹೂಂ ಅಂದೆ. ಅದಕ್ಕೆ ಉಪ್ಪುಖಾರ ಹಚ್ಚಲು ನನ್ನ ಹತ್ತಿರ ಏನೂ ಇರಲಿಲ್ಲ.

ಮರುದಿನ ನಾನು ತೂಕದ ಯಂತ್ರವನ್ನೇ ತಿನ್ನುವಷ್ಟು ಹಸಿದು ಹೋಗಿದ್ದೆ. ಮೇಡಂ ಮೊದಲು ಬೆರಳು ಚುಚ್ಚಿದರು, ಆಮೇಲೆ ಸಿಹಿನೀರು ಕುಡಿಸಿ ಎರಡು ತಾಸು ಕೂರಿಸಿ ಮತ್ತೆ ಚುಚ್ಚಿದರು. ಎರಡೂ ಸಲ ಸಕ್ಕರೆ ಸರಿಯಿತ್ತು. ಊಟ, ಆಟ ನೋಡಿಕೊಂಡರೆ ಸಾಕು ಅಂದರು. ಆದರೂ ಅವ್ವ ಏಳಲಿಲ್ಲ.

"ನಿನ್ನೆ ನಾ ಕೇಳಿದ್ದಕ್ಕ ನೀವ ಹೇಳಲಿಲ್ರಿ."

ಮೇಡಂ ಪೆನ್ನು ಕೆಳಗಿಟ್ಟರು. "ಆ ತಿಂಗಳುಗಳ ಊಟ ಮುಖ್ಯ. ಅಲ್ಲ ಅಂದ್ರೆ ಸುಳ್ಳು ಹೇಳಿದ ಹಾಗಾಗುತ್ತೆ. ಆದ್ರೆ ಅದೊಂದರಿಂದಲೇ ಎಲ್ಲ ನಿರ್ಧಾರ ಆಗಲ್ಲ. ಮತ್ತೆ, ತಾಟಿಗೆ ಎಷ್ಟು ಬೀಳಬೇಕು ಅಂತ ಆಗ ನೀವೇ ತೀರ್ಮಾನ ಮಾಡಿದ್ರಾ?"

ಮಾತಾಡಿದ್ದು ಆಯಿ.

"ಕಡಿಮಿ ಉಣ್ಣ ಅಂದಾಕಿ ನಾನರಿ. ನಮ್ಮ ಅತ್ತಿ ನನಗ ಹೇಳಿದ್ಲು, ನಾ ಇಕಿಗೆ ಹೇಳಿದ್ನಿ. ನಿಮ್ಮ ಕಾಗದದಾಗ ಅದನ್ನ ಇಕಿ ಹೆಸರಿಗೆ ಹಚ್ಚಬ್ಯಾಡ್ರಿ. ನನ್ನ ಹೆಸರಿಗೆ ಬರೀರಿ."

ಆ ಕಾಗದದಲ್ಲಿ ಅತ್ತೆಗೆಂದು ಜಾಗವೇ ಇರಲಿಲ್ಲ. ಮೇಡಂ ಅದನ್ನು ತಿರುವಿ ಹಿಂದಿನ ಬದಿಗೆ ಬರೆಯತೊಡಗಿದರು. ಬರೆದು ಮುಗಿಯುವವರೆಗೂ ಆಯಿ ಕದಲಲಿಲ್ಲ. ಓದಲು ಬಾರದಿದ್ದರೂ ಬಗ್ಗಿ ನೋಡಿದಳು.

"ನಡೀರಿ ಅತ್ತಿ, ಬಸ್ಸಿನ ಟೈಮ್ ಆತು," ಅಂದಳು ಅವ್ವ. ದವಾಖಾನೆಯ ಮೆಟ್ಟಿಲ ಬಳಿ ನಿಂತು, ಆಯಿಯ ಕೈ ಹಿಡಿದು ಇಳಿಸಿದಳು.