ಪುಸ್ತಕದಾಕೆಯ ವಿಳಾಸ

ಕಮಲಾಪುರದ ಮನೆಗೆ ಕಾಲಿಟ್ಟಾಗ ನಮ್ಮ ಅತ್ತೆ ಪಕ್ಕದ ಮನೆಯ ಹೆಂಗಸರ ನಡುವೆ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದರು.

"ಎರಡು ಕೂಸು ಕಟ್ಕೊಂಡು ಉಟ್ಟ ಸೀರಿ ಮ್ಯಾಲೆ ಮನಿ ಬಿಟ್ಟು ಬಂದಾಳ್ರೀ, ಪಾಪ!"

ನಾದಿನಿಗೇ ಏನೋ ಆಗಿದೆ ಎಂದುಕೊಂಡು ಚೀಲ ಅಲ್ಲೇ ಇಳಿಸಿದೆ. "ಯಾರ್ರೀ ಅತ್ತಿ?" ಎಂದೆ.

"ನೀ ಬಿಟ್ಟು ಹೋಗಿದ್ದಿಯಲ್ಲ, ಆ ಪುಸ್ತಕದಾಕಿ."

ಹಿಂದಿನ ಸಲ ಹಬ್ಬಕ್ಕೆ ಕಲಬುರಗಿಯಿಂದ ಬಂದಾಗ ನಾನು ಮರೆತು ಬಿಟ್ಟುಹೋಗಿದ್ದ ಆತ್ಮಕಥೆ ಅದು. ಮಾಟ-ಮಂತ್ರದ ಕಾದಂಬರಿ, ಆತ್ಮಕಥೆ, ಇತಿಹಾಸ ಎಂದು ಸಿಕ್ಕಿದ್ದನ್ನೆಲ್ಲ ಓದಿ ಮುಗಿಸುವ ಮಹಾ ವಿದುಷಿ ನಾನು. ಇದನ್ನೂ ಬಸ್ಸಿನಲ್ಲೇ ಮುಗಿಸಿ, ಮೊಬೈಲಿನಲ್ಲಿ ಐದಕ್ಕೆ ನಾಲ್ಕು ಸ್ಟಾರ್ ದಯಪಾಲಿಸಿದ್ದೆ. ಭಾಷೆ ಕೊಂಚ ಸಡಿಲವಾಗಿದ್ದಕ್ಕೆ ಒಂದು ಕಡಿತ.

"ಆಕಿ ಊರು ಯಾವ್ದು? ಬಾಳಿಹಣ್ಣು ತೊಗೊಂಡು ಹೋಗಿ ಮಾತಾಡ್ಸಿ ಬರೋಣು. ಇಷ್ಟೆಲ್ಲಾ ಓದಿ ನೀ ಹ್ಯಾಂಗ ಸುಮ್ನ ಕುಂತಿ?" ಎಂದು ಅತ್ತೆ ನನ್ನನ್ನೇ ಗದರಿದರು. ಪಾಪ, ನಮ್ಮಂಥ ಓದುಗರ ಶಿಸ್ತು ಅವರಿಗೇನು ಗೊತ್ತು!

ಅವರ ಕಾಟ ತಡೆಯಲಾರದೆ ಮರುದಿನ ಪ್ರಕಾಶಕರಿಗೆ ಫೋನ್ ಮಾಡಿ ವಿಳಾಸ ಕೇಳಿದೆ. ಕಪಾಟು ತುಂಬುವಷ್ಟು ಓದಿದ ಮೇಲೆ, ಬರೆದಾಕೆ ಈಗ ಹೇಗಿದ್ದಾರೆ ಎಂದು ನಾನು ವಿಚಾರಿಸಿದ್ದು ಅದೇ ಮೊದಲು.